ಯೂನಿವರ್ಸಿಟಿ ಹುಡುಗರು ಬಂದು ನಮ್ಮ ಗೇಟಿನ ಮೇಲಿರೋ ನೀರಿನ ಗೆರೆ ಅಳ್ಕೊಂಡು ಹೋದ್ರು, ಇದರಿಂದ ಏನಾದ್ರೂ ಆಗುತ್ತಾ?

ಕೋಡಿಪಕ್ಕದ_ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಬೆಂಗಳೂರಿನ ಪೂರ್ವದ ಕಡೆ ಒಂದು ಹಳೇ ರೆವಿನ್ಯೂ ಲೇಔಟು, ಹೆಸರು ಬೇಡ. ಮೇಲಿನ ಕೆರೆ ಕೋಡಿ ಬಿದ್ರೆ ಆ ನೀರೆಲ್ಲಾ ನಮ್ಮ ಬೀದಿ ಹಿಂದಿರೋ ರಾಜಕಾಲುವೆಯಲ್ಲೇ ಹೋಗ್ಬೇಕು, ಹೋಗಲ್ಲ, ನಮ್ಮನೆಗೆ ಬರುತ್ತೆ. 2022ರ ಸೆಪ್ಟೆಂಬರಲ್ಲಿ ಬಂದಿದ್ದು ನಿಮಗೆಲ್ಲಾ ನೆನಪಿರುತ್ತೆ, ಟೀವಿಲಿ ಟ್ರ್ಯಾಕ್ಟರ್ ಮೇಲೆ ಕೂತು ಆಫೀಸಿಗೆ ಹೋಗೋರನ್ನ ತೋರಿಸ್ತಿದ್ರಲ್ಲ, ಆಗ ನಮ್ಮ ಹಾಲ್‌ನಲ್ಲಿ ಫ್ರಿಡ್ಜು ಮಕಾಡೆ ಬಿದ್ದು ತೇಲ್ತಾ ಇತ್ತು. ಗೇಟಿಗೆ ಹಸಿರು ಪೇಂಟು, ಅದರ ಮೇಲೆ ಕಂದು ಬಣ್ಣದ ಗೆರೆ ಹಾಗೇ ನಿಂತುಬಿಟ್ಟಿದೆ. ಎರಡು ಸಲ ಉಜ್ಜಿದೆ, ಹೋಗ್ಲಿಲ್ಲ, ಬಿಟ್ಟೆ.

ಹೋದ ಭಾನುವಾರ ಮೂರು ಜನ ಸ್ಟೂಡೆಂಟ್ಸ್ ಬಂದಿದ್ರು, ಯಾವುದೋ ಯೂನಿವರ್ಸಿಟಿಯ ರಿಸರ್ಚ್ ಪ್ರಾಜೆಕ್ಟಂತೆ, ನಗರಗಳನ್ನ ಸ್ಮಾರ್ಟ್ ಮಾಡೋದು, ಬದುಕೋಕೆ ಯೋಗ್ಯ ಮಾಡೋದು ಅಂತ ಏನೋ ಹೇಳಿದ್ರು. ಒಬ್ಬ ಸಿವಿಲ್ ಹುಡುಗ, ಬಂದವನೇ ಟೇಪು ತೆಗೆದು ರಸ್ತೆಯಿಂದ ಆ ಗೆರೆವರೆಗೆ ಅಳೆದ, 71 ಸೆಂಟಿಮೀಟರ್ ಅಂತ ಬರ್ಕೊಂಡ, ಏನೋ ನಿಧಿ ಸಿಕ್ಕಿದ ಹಾಗೆ ಖುಷಿ ಅವನಿಗೆ! ಇನ್ನೊಬ್ಬಳು ಸಮಾಜಶಾಸ್ತ್ರ ಓದ್ತಿರೋ ಹುಡುಗಿ, ನಮ್ಮತ್ತೆ ಜೊತೆ ಜಗಲಿ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದ್ಲು, ಆವತ್ತು ರಾತ್ರಿ ಮೊದಲು ಯಾರು ಎಬ್ಬಿಸಿದ್ದು, ಟಾಯ್ಲೆಟ್ಟಿಗೆ ಎಲ್ಲಿಗೆ ಹೋದ್ರಿ, ಬಿಪಿ ಮಾತ್ರೆ ಇತ್ತಾ, ಮನೆಕೆಲಸದವಳು ಎಷ್ಟು ದಿನ ಬರ್ಲಿಲ್ಲ, ಅವಳ ಸಂಬಳ ಹಿಡ್ಕೊಂಡ್ರಾ ಕೊಟ್ರಾ ಅಂತ. ಮೂರನೆಯವನು ಎಲೆಕ್ಟ್ರಾನಿಕ್ಸ್, ಹಿಂದಿನ ಕಲ್ವರ್ಟ್ ಕೆಳಗೆ ಒಂದು ಸೆನ್ಸರ್ ಹಾಕ್ತೀವಿ, ಅಸೋಸಿಯೇಷನ್ ಒಪ್ಪಿಗೆ ಪತ್ರ ಕೊಡಿ ಅಂತಾನೆ.

ನಮ್ಮ ಅಸೋಸಿಯೇಷನ್ ಪ್ರೆಸಿಡೆಂಟ್ ಅಂಕಲ್ ಖಡಾಖಂಡಿತ ಬೇಡ ಅಂತಿದಾರೆ, ಸ್ಮಾರ್ಟ್ ಸಿಟಿ ಅಂತ ಹತ್ತು ವರ್ಷ ನೋಡಿಲ್ವಾ, ಇವರು ಥೀಸಿಸ್ ಬರ್ಕೊಂಡು ಅಮೆರಿಕಕ್ಕೆ ಹೋಗ್ತಾರೆ ನಾವು ಇಲ್ಲೇ ಬಕೆಟ್ ಹಿಡ್ಕೊಂಡು ನಿಂತಿರ್ತೀವಿ ಅಂತ. ಇದರ ಮಧ್ಯೆ ಒಬ್ಬ ಏಜೆಂಟ್ ಬೇರೆ ಬಂದು, ನಮ್ಮ ಹತ್ರ ಫ್ಲಡ್ ಅಲರ್ಟ್ ಸಿಸ್ಟಂ ಇದೆ, ಎರಡು ಲಕ್ಷ ಆಗುತ್ತೆ, ಮೊಬೈಲಿಗೇ ಮೆಸೇಜ್ ಬರುತ್ತೆ ಅಂತ ಬ್ರೋಷರ್ ಕೊಟ್ಟು ಹೋಗಿದಾನೆ.

ನನ್ನ ಪ್ರಶ್ನೆ ಇಷ್ಟೇ. ಒಂದು, ಗೇಟಿನ ಗೆರೆ ಅಳೆದು ಇವರು ಏನ್ ಮಾಡ್ತಾರೆ? ಎರಡು, ನೀರಿನ ವಿಷಯಕ್ಕೆ ಸಮಾಜಶಾಸ್ತ್ರದವರು ಯಾಕೆ, ಕೆಲಸದವಳ ಸಂಬಳ ಯಾಕೆ ಬೇಕು? ಮೂರು, ಒಪ್ಪಿಗೆ ಕೊಡೋಣ್ವಾ ಬೇಡ್ವಾ? ಬುಧವಾರ ಮೀಟಿಂಗ್ ಇದೆ.

ಗುಂಡಿರಾಯ

ಸೆನ್ಸರ್ ಯಾಕೆ ಮೇಡಂ, ಫ್ರಿಡ್ಜ್ ತೇಲಿದ್ರೆ ನೀರು ಬಂದಿದೆ ಅಂತ ಅರ್ಥ 😂 ಮೊದಲು ಗುಂಡಿ ಮುಚ್ಚಲಿ, ಆಮೇಲೆ ಸ್ಮಾರ್ಟ್ ಆಗೋಣ.

ಅರ್ಧಪಿಎಚ್‌ಡಿ

ಗುಂಡಿರಾಯರೇ ನಿಮ್ಮ ಹೆಸರಿಗೆ ತಕ್ಕ ಹಾಗೆ ಎಲ್ಲಾ ಥ್ರೆಡ್‌ನಲ್ಲೂ ಗುಂಡೀನೇ.

ಮೇಡಂ, ನಾನು ಇದೇ ಫೀಲ್ಡಲ್ಲಿ ನಾಲ್ಕು ವರ್ಷ ಇದ್ದು ಮುಗಿಸದೇ ಎದ್ದು ಬಂದವನು, ಹಂಗಾಗಿ ಹೊಗಳೋ ದರ್ದೂ ಇಲ್ಲ, ಬೈಯೋ ದರ್ದೂ ಇಲ್ಲ. ಗೊತ್ತಿರೋದು ಹೇಳ್ತೀನಿ.

ಆ ಸಿವಿಲ್ ಹುಡುಗ ಯಾಕೆ ಖುಷಿಪಟ್ಟ ಅಂದ್ರೆ, ಅವನಿಗೆ ನಿಜವಾಗ್ಲೂ ನಿಧಿ ಸಿಕ್ಕಿದೆ. ಇವರೆಲ್ಲಾ ಕಂಪ್ಯೂಟರಲ್ಲಿ ನಿಮ್ಮ ಇಡೀ ಕಾಲುವೆ ಜಾಲವನ್ನ ಕಟ್ತಾರೆ. ಎಸ್‌ಡಬ್ಲ್ಯುಎಂಎಂ ಅಂತ ಒಂದು ಸಾಫ್ಟ್‌ವೇರ್ ಇದೆ, ಅಮೆರಿಕದ ಪರಿಸರ ಸಂಸ್ಥೆಯವರು ಫ್ರೀಯಾಗಿ ಕೊಡೋದು, 1971ರಿಂದ ಇದೆ, ಹೆಚ್ಚುಕಮ್ಮಿ ಪ್ರಪಂಚ ಪೂರ್ತಿ ಅದನ್ನೇ ಬಳಸ್ತಾರೆ. ಇಷ್ಟು ಮಳೆ ಬಿದ್ರೆ ಈ ಮೋರಿಯಲ್ಲಿ ಇಷ್ಟು ಎತ್ತರ ನೀರು ಬರುತ್ತೆ ಅಂತ ಅದು ಲೆಕ್ಕ ಹಾಕಿ ಕೊಡುತ್ತೆ. ಆದ್ರೆ ಕೊಟ್ಟ ಲೆಕ್ಕ ಸರಿನಾ ತಪ್ಪಾ ಅಂತ ಹೇಳೋರು ಯಾರು? ಪ್ರವಾಹ ಬಂದಾಗ ರಾತ್ರಿ ಎರಡು ಗಂಟೆಗೆ ಯಾರೂ ಸ್ಕೇಲ್ ಹಿಡ್ಕೊಂಡು ನಿಂತಿರಲ್ಲ. ಆಮೇಲೆ ಉಳಿಯೋದು ಗೋಡೆ ಮೇಲಿನ ಗೆರೆ ಒಂದೇ. ಮಾಡೆಲ್ 40 ಸೆಂಟಿಮೀಟರ್ ಅಂತ ಹೇಳ್ತಾ ಇದ್ದು ನಿಮ್ಮ ಗೇಟು 71 ಅಂದ್ರೆ ಮಾಡೆಲ್ ಸುಳ್ಳು, ಎಲ್ಲೋ ಒಂದು ಮೋರಿ ಕಟ್ಟಿಕೊಂಡಿದೆ ಅಥವಾ ಮ್ಯಾಪಲ್ಲಿರೋ ಕಾಲುವೆ ನೆಲದ ಮೇಲಿಲ್ಲ, ಹೋಗಿ ಹುಡುಕಬೇಕು. ನಿಮ್ಮತ್ತೆಯವರಿಗೆ ಹೇಳಿ ಆ ಗೇಟಿಗೆ ಸದ್ಯಕ್ಕೆ ಪೇಂಟ್ ಹೊಡೆಸಬೇಡಿ ಅಂತ.

ಇನ್ನು ನೀರು ಯಾಕಿಷ್ಟು ಬರುತ್ತೆ ಅನ್ನೋದಕ್ಕೆ ಪಿಎಚ್‌ಡಿ ಬೇಡ, ಒಂದು ಎಕರೆ ಎರಡು ಗುಂಟೆ ಲೆಕ್ಕ ಬಂದ್ರೆ ಸಾಕು. ಒಂದು ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 60 ಮಿಲಿಮೀಟರ್ ರಭಸದಲ್ಲಿ ಮಳೆ ಬೀಳ್ತಿದೆ ಅಂದ್ಕೊಳ್ಳಿ. ಅದು ತೋಪೋ ಹೊಲವೋ ಆಗಿದ್ರೆ ಶೇ 70ರಷ್ಟು ನೀರು ಅಲ್ಲೇ ಇಂಗಿ ಸೆಕೆಂಡಿಗೆ ಸುಮಾರು 50 ಲೀಟರ್ ಹೊರಗೆ ಹರಿಯುತ್ತೆ. ಅದೇ ಜಾಗಕ್ಕೆ ಕಾಂಕ್ರೀಟು, ಟೈಲ್ಸು, ಡಾಂಬರು ಬಿತ್ತು ಅಂದ್ರೆ ಸೆಕೆಂಡಿಗೆ 150 ಲೀಟರ್. ಅದೇ ಮಳೆ, ಅದೇ ಜಾಗ, ಮೂರು ಪಟ್ಟು ನೀರು. ಅದೂ ಬೇಗ ಬರುತ್ತೆ, ಮೊದಲು ನಿಧಾನಕ್ಕೆ ಬರ್ತಿದ್ದದ್ದು ಈಗ ಒಟ್ಟಿಗೆ ಬರುತ್ತೆ. ಕಾಲುವೆ ಮಾತ್ರ ಅಜ್ಜನ ಕಾಲದ್ದೇ, ಅದರಲ್ಲೂ ಅರ್ಧ ಯಾರದೋ ಕಾಂಪೌಂಡ್ ಒಳಗೆ.

ಐಐಎಸ್ಸಿಯವರು ಮತ್ತೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಸೇರಿ ಬೆಂಗಳೂರಿಗೆ ಇಂಥದ್ದೇ ಒಂದು ಮಾಡೆಲ್ ಮಾಡಿದಾರೆ, ಮಳೆ, ಪ್ರವಾಹದ ಮುನ್ಸೂಚನೆ ಕೊಡೋಕೆ ಮೇಘ ಸಂದೇಶ ಅಂತ ಆ್ಯಪ್ ಬಂತಲ್ಲ ಅದರ ಹಿಂದಿರೋದು ಅದೇ. ಆ ಕೇಂದ್ರದವರ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸ್ತವೆ, ಸುಮ್ನೆ ಅಲ್ಲ ಅದು. 2022ರ ಸೆಪ್ಟೆಂಬರ್ ಆ ರಾತ್ರಿ 24 ಗಂಟೆಯಲ್ಲಿ 131.6 ಮಿಲಿಮೀಟರ್ ಅಂತ ಪೇಪರಲ್ಲಿ ಬಂತಲ್ಲ, ಊರು ಯಾಕೆ ಮುಳುಗ್ತು ಅಂತ ತಿಳಿಯೋಕೆ ಆ 24 ಗಂಟೆ ಲೆಕ್ಕ ಉಪಯೋಗಕ್ಕೆ ಬರಲ್ಲ, ಅದರಲ್ಲಿ ಯಾವ ಒಂದು ಗಂಟೆಯಲ್ಲಿ ಎಷ್ಟು ಸುರೀತು ಅನ್ನೋದೇ ಮುಖ್ಯ. ದಿನ ಪೂರ್ತಿ ಜಿಟಿಜಿಟಿ ಬಂದ 100 ಮಿಲಿಮೀಟರ್ ಮಲೆನಾಡಲ್ಲಿ ಯಾರೂ ಲೆಕ್ಕಕ್ಕೇ ಇಡಲ್ಲ.

ಎರಡನೇ ಪ್ರಶ್ನೆ. ಸಮಾಜಶಾಸ್ತ್ರದವರು ಯಾಕೆ? ನಾನೂ ಮೊದಲ ವರ್ಷ ಇದೇ ಕೇಳಿ ಗೈಡ್ ಹತ್ರ ಬೈಸ್ಕೊಂಡಿದ್ದೆ. ನಮ್ಮ ಗುಂಪು ಒಂದು ಏರಿಯಾಗೆ ಅಲರ್ಟ್ ಕಳಿಸೋ ಸಿಸ್ಟಂ ಮಾಡಿತ್ತು, ಇಂಗ್ಲಿಷಲ್ಲಿ ಮೆಸೇಜು, ಸ್ಮಾರ್ಟ್‌ಫೋನಿಗೆ. ಕಾಲುವೆ ಅಂಚಲ್ಲಿ ಶೀಟ್ ಮನೆಯಲ್ಲಿ ಇದ್ದೋರು ಕಟ್ಟಡ ಕೆಲಸದವರು, ಮನೆಗೆ ಒಂದೇ ಫೋನು, ಅದೂ ರಾತ್ರಿ ವಾಚ್‌ಮನ್ ಕೆಲಸಕ್ಕೆ ಹೋಗೋ ಗಂಡಸಿನ ಜೇಬಲ್ಲಿ. ಮನೇಲಿ ಮಕ್ಕಳ ಜೊತೆ ಮಲಗಿದ್ದ ಹೆಂಗಸಿಗೆ ಏನೂ ಗೊತ್ತಾಗಲ್ಲ. ಮೆಸೇಜ್ ಕರೆಕ್ಟಾಗಿ ಹೋಗಿದೆ, ನಮ್ಮ ಗ್ರಾಫಲ್ಲಿ ಶೇ 100 ಡೆಲಿವರಿ! ಇದನ್ನ ಕಂಡುಹಿಡಿದಿದ್ದು ನಾವಲ್ಲ, ಟೀಮಲ್ಲಿದ್ದ ಸೋಷಿಯಾಲಜಿ ಹುಡುಗಿ, ಎಂಟು ದಿನ ಅವರ ಮನೆ ಮುಂದೆ ಕೂತು ಟೀ ಕುಡಿದು. ಕೆಲಸದವಳ ಸಂಬಳ ಕೇಳಿದ್ದೂ ಅದಕ್ಕೇ, ನಿಮ್ಮ ಫ್ರಿಡ್ಜ್ ನಷ್ಟ ಇನ್ಶೂರೆನ್ಸಲ್ಲಿ ಬರುತ್ತೆ, ಅವಳ ಹತ್ತು ದಿನದ ಕೂಲಿ ಯಾವ ಲೆಕ್ಕದಲ್ಲೂ ಬರಲ್ಲ.

ಸೆನ್ಸರ್ ಬಗ್ಗೆ ಆಮೇಲೆ ಬರೀತೀನಿ, ಊಟಕ್ಕೆ ಕರೀತಿದಾರೆ.

ಕೋಡಿಪಕ್ಕದ_ಮನೆ

ಸರ್ ತುಂಬಾ ಥ್ಯಾಂಕ್ಸ್. ಇನ್ಶೂರೆನ್ಸ್ ಏನೂ ಬರ್ಲಿಲ್ಲ ಬಿಡಿ ನಮಗೆ. ಸಂಬಳ ಕೊಟ್ವಿ, ಆದ್ರೆ ಅರ್ಧ ತಿಂಗಳದ್ದು ಅಂತ ಅತ್ತೆ ಆ ಹುಡುಗಿ ಹತ್ರ ನಿಜ ಹೇಳಿಬಿಟ್ಟಿದಾರೆ, ನನಗೆ ಒಂಥರಾ ಆಯ್ತು.

ನಿವೃತ್ತ_ಎಇಇ

ನಾನು ನಗರ ಚರಂಡಿ ಕೆಲಸದಲ್ಲಿ 31 ವರ್ಷ ಸರ್ವಿಸ್ ಮಾಡಿ ರಿಟೈರ್ ಆದವನು. ಮೇಲಿನವರು ಹೇಳಿದ್ದೆಲ್ಲಾ ಸರಿ, ಆದರೆ ಪುಸ್ತಕದ ಕಾಲುವೆಗೂ ನಿಜವಾದ ಕಾಲುವೆಗೂ ವ್ಯತ್ಯಾಸ ಏನು ಅಂತ ಸ್ವಲ್ಪ ತಿಳಿದುಕೊಳ್ಳಿ.

ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಬಾಕ್ಸ್ ಡ್ರೈನ್ ಇದೆ ಅಂತ ಇಟ್ಟುಕೊಳ್ಳಿ. ತಳದಲ್ಲಿ ಅರ್ಧ ಮೀಟರ್ ಹೂಳು. ಎಲ್ಲರೂ ಏನು ತಿಳ್ಕೋತಾರೆ, ಮೂರರಲ್ಲಿ ಒಂದು ಭಾಗ ತುಂಬಿದೆ, ಮೂರರಲ್ಲಿ ಒಂದು ಭಾಗ ಕೆಪಾಸಿಟಿ ಹೋಯ್ತು ಅಂತ. ತಪ್ಪು. ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತೆ ಅಂತ ಲೆಕ್ಕ ಹಾಕೋ ಮ್ಯಾನಿಂಗ್ ಸೂತ್ರ ಹಾಕಿ ನೋಡಿ, ಶೇ 40 ಹೋಗಿರುತ್ತೆ, ಯಾಕೆಂದ್ರೆ ನೀರು ಕಡಿಮೆ ಆದಷ್ಟೂ ಗೋಡೆಗೆ ತಳಕ್ಕೆ ಉಜ್ಜಿಕೊಂಡು ಹೋಗೋ ಪಾಲು ಜಾಸ್ತಿ ಆಗಿ ವೇಗಾನೂ ಬೀಳುತ್ತೆ. ಇದರ ಮೇಲೆ ಹಳೇ ಸೋಫಾ, ಹಾಸಿಗೆ, ಎಳನೀರು ಬುರುಡೆ. ನಾನು ಕಣ್ಣಾರೆ ಒಂದು ಮೋರಿಯಿಂದ ಇಡೀ ಆಟೋದ ಹುಡ್ ತೆಗೆಸಿದೀನಿ.

ಅದಕ್ಕಿಂತ ದೊಡ್ಡ ತಲೆನೋವು ಕಲ್ವರ್ಟ್ ಒಳಗೆ ಅಡ್ಡ ಹೋಗೋ ಪೈಪುಗಳು. ಕುಡಿಯೋ ನೀರಿನ ಪೈಪು ಒಂದು, ಒಳಚರಂಡಿ ಪೈಪು ಒಂದು, ಕೇಬಲ್ ಹಾಕೋರು ಸುಲಭ ಅಂತ ಒಂದು ಹತ್ತು ಪೈಪು ತೂರಿಸಿರ್ತಾರೆ. ಒಂದು ಪ್ಲಾಸ್ಟಿಕ್ ಚೀಲ ಬಂದು ಅದಕ್ಕೆ ಸಿಕ್ಕಿಕೊಂಡ್ರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಕೊಂಬೆ, ಹತ್ತು ನಿಮಿಷದಲ್ಲಿ ಅಣೆಕಟ್ಟು. ಯಾವ ಮಾಡೆಲಲ್ಲೂ ಈ ಪೈಪು ಇರಲ್ಲ ಯಾಕೆಂದ್ರೆ ಯಾವ ನಕ್ಷೆಯಲ್ಲೂ ಇಲ್ಲ. ಗೇಟಿನ ಗೆರೆ ಅಳೆಯೋ ಹುಡುಗನಿಗೆ ಹೇಳಿ, ಟಾರ್ಚ್ ತಗೊಂಡು ಕಲ್ವರ್ಟ್ ಒಳಗೆ ಬಗ್ಗಿ ನೋಡು ಅಂತ. ಒಬ್ಬನೇ ಇಳಿಯಬಾರದು, ಒಳಗೆ ಇಳಿಯೋದೇ ಬೇಡ, ಗ್ಯಾಸ್ ಇರುತ್ತೆ, ಮೇಲಿಂದಲೇ ನೋಡಲಿ.

ಸೆನ್ಸರ್ ವಿಷಯ. ಅಲ್ಟ್ರಾಸಾನಿಕ್ ಸೆನ್ಸರ್ ಅಂದ್ರೆ ಮೇಲಿಂದ ಶಬ್ದ ಬಿಟ್ಟು ನೀರಿಗೆ ಬಡಿದು ವಾಪಸ್ ಬರೋ ಹೊತ್ತು ನೋಡೋದು. ಒಳ್ಳೆ ಸಾಮಾನೇ. ಆದರೆ ನಮ್ಮ ಕಾಲುವೆಯಲ್ಲಿ ನೊರೆ ಇರುತ್ತೆ, ಅದರ ಮೇಲೆ ಕಸ ತೇಲುತ್ತೆ, ಜೇಡ ಬಂದು ಅದರ ಬಾಯಿಗೇ ಬಲೆ ಕಟ್ಟುತ್ತೆ. ಬೇಸಿಗೆಯಲ್ಲೂ ಕಾಲುವೆ ತುಂಬಿದೆ ಅಂತ ತೋರಿಸುತ್ತೆ. ವಾರಕ್ಕೊಮ್ಮೆ ಒರೆಸೋಕೆ ಒಬ್ಬ ಮನುಷ್ಯ ಬೇಕು. ಅವನಿಗೆ ಸಂಬಳ ಯಾರು ಕೊಡ್ತಾರೆ ಅಂತ ಆ ಎರಡು ಲಕ್ಷದ ಏಜೆಂಟನ್ನ ಕೇಳಿ, ಫೋನ್ ಕಟ್ ಮಾಡ್ತಾನೆ.

ಹಿಂದೆ ಕೆರೆಗೊಬ್ಬ ನೀರುಗಂಟಿ ಇರ್ತಿದ್ದ. ತೂಬು ಎತ್ತೋದು ಇಳಿಸೋದು, ಕಾಲುವೆ ಸವರೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಪಾಲು ಮಾಡೋದು ಅವನ ಕೆಲಸ, ಸುಗ್ಗೀಲಿ ಅವನಿಗೆ ಊರಿಂದ ಇಷ್ಟು ಅಂತ ಧಾನ್ಯ ಕೊಡ್ತಿದ್ರು. ಗದ್ದೆ ಹೋಯ್ತು, ನೀರುಗಂಟಿ ಹೋದ, ನೀರು ಮಾತ್ರ ಹೋಗಲ್ಲ.

ಚಿಗರಿ_ಸವಾರ

ನಮಸ್ಕಾರ್ರಿ ಎಲ್ಲಾರ್ಗೂ. ಪ್ರೆಸಿಡೆಂಟ್ ಅಂಕಲ್ ಮಾತು ಪೂರಾ ತಳ್ಳಿಹಾಕಾಕ ಆಗಂಗಿಲ್ರಿ. ಸ್ಮಾರ್ಟ್ ಸಿಟಿ ಮಿಷನ್ 2015ರ ಜೂನ್ದಾಗ ಶುರುವಾತು, ದೇಶದಾಗ 100 ಊರು, ನಮ್ಮ ರಾಜ್ಯದಾಗ ಏಳು, ನಮ್ಮ ಹುಬ್ಬಳ್ಳಿ-ಧಾರವಾಡಾನೂ ಇತ್ತು, ಬೆಳಗಾವಿ ದಾವಣಗೆರೆ ಮೊದಲ ಪಟ್ಟಿಯಾಗ ಬಂದಿದ್ವು, 2025ರ ಮಾರ್ಚಿಗೆ ಮಿಷನ್ ಮುಗದೂ ಹೋತು. ಎಲ್ಲಾ ಊರಾಗೂ ಒಂದು ಕಮಾಂಡ್ ಸೆಂಟರ್ ಮಾಡ್ಯಾರ, ದೊಡ್ಡ ದೊಡ್ಡ ಸ್ಕ್ರೀನ್. ಆದ್ರ ಅದು ಸರ್ಕಾರದ ಕಾಮಗಾರಿ, ಯೂನಿವರ್ಸಿಟಿ ರಿಸರ್ಚ್ ಅನ್ನೋದು ಬ್ಯಾರೆ, ಎರಡೂ ಕೂಡಿಸಿ ಬೈಬ್ಯಾಡ್ರಿ.

ನಾ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ನ್ಯಾಗ ಹೋಗಾಂವ. 22 ಕಿಲೋಮೀಟರ್, ಬಸ್ಸಿಗೇ ಬ್ಯಾರೆ ದಾರಿ, ನಡುವ ಯಾರೂ ಅಡ್ಡ ಬರಂಗಿಲ್ಲ, ಸ್ಟೇಷನ್ ಕಟ್ಟಿ ಬಸ್ಸಿನ ನೆಲಕ್ಕ ಸಮ ಇರ್ತೈತಿ, ನಮ್ಮ ಅವ್ವ ಮೊಣಕಾಲು ನೋವಿನ್ಯಾಗೂ ಹತ್ತತಾಳ. ಇಂಥಾ ಬಸ್ಸು ನಮ್ಮ ದೇಶದಾಗ ಹೆಸರಾಗಿದ್ದು ಅಹಮದಾಬಾದದ ಜನಮಾರ್ಗದಿಂದ, 2009ರಾಗ, ಅದರ ಪ್ಲಾನ್ ಮಾಡಿದವ್ರು ಅಲ್ಲಿಯ ಸೆಪ್ಟ್ ಯೂನಿವರ್ಸಿಟಿ ಮಂದಿ. ಯೂನಿವರ್ಸಿಟಿಯವ್ರು ಬರೇ ಪೇಪರ್ ಬರೀತಾರ ಅನ್ನೋದು ಪೂರಾ ಖರೇ ಅಲ್ಲ ಅಂತ ಹೇಳಾಕ ಇಷ್ಟ ಬರದೆ.

ಆದ್ರ ಒಂದು ಮಾತು. ಸ್ಟೇಷನ್ ಇರೋದು ರಸ್ತೆ ನಟ್ಟನಡುವ. ಬಸ್ಸಿನ್ಯಾಗ ಆರಾಮ, ಬಸ್ಸಿಗೆ ಮುಟ್ಟೋದು ತ್ರಾಸ. ಅವ್ವನ ಕೈ ಹಿಡಕೊಂಡು ನಿಂತ್ರ ಕಾರ್ನವ್ರು ಝೀಬ್ರಾ ಪಟ್ಟಿ ಮ್ಯಾಲೆ ಇನ್ನೂ ಜೋರ್ ಹೊಡೀತಾರ. ಬಸ್ ಎಷ್ಟು ಸೆಕೆಂಡ್ ನಿಂತು ಹೊಂಡತೈತಿ ಅಂತ ಲೆಕ್ಕ ಹಾಕ್ಯಾರ, 68 ವರ್ಷದ ಮುದುಕಿ ರಸ್ತೆ ದಾಟಾಕ ಎಷ್ಟು ಸೆಕೆಂಡ್ ಬೇಕು ಅಂತ ಯಾರರ ಗಡಿಯಾರ ಹಿಡದು ನಿಂತು ನೋಡಬೇಕಲ್ಲ, ಅದಕ್ಕ ಆ ಜಗಲಿ ಮ್ಯಾಲೆ ಕುಂತ ಹುಡುಗೀನ ಬೇಕ್ರಿ.

ಸಿಂಗಾಪುರದಿಂದ_ಭಟ್ಟ

ಇಲ್ಲಿ 14 ವರ್ಷದಿಂದ ಇದ್ದೇನೆ, ಮೂಲ ಹೊನ್ನಾವರದ ಕಡೆ. ನಮ್ಮನೆ ಹತ್ತಿರ ಬಿಶಾನ್ ಪಾರ್ಕ್ ಅಂತ ಇದೆ, ವಾಕಿಂಗಿಗೆ ಹೋಗೋದು ಅಲ್ಲಿಗೇ, ಈ ಥ್ರೆಡ್‌ಗೆ ಸಂಬಂಧ ಇದೆ ಅದಕ್ಕೆ ಬರೀತಿದ್ದೇನೆ.

ಅಲ್ಲಿ ಮೊದಲು ಕಲ್ಲಾಂಗ್ ನದಿಯನ್ನ ಕಾಂಕ್ರೀಟ್ ಕಾಲುವೆ ಮಾಡಿ ನೇರ ಗೆರೆ ಎಳೆದ ಹಾಗೆ ಬಿಟ್ಟಿದ್ರು, ಪಕ್ಕದಲ್ಲಿ ಬೇಲಿ. ನಮ್ಮ ರಾಜಕಾಲುವೆಗೆ ಈಗ ಎರಡೂ ಕಡೆ ಗೋಡೆ ಕಟ್ತಿದಾರಲ್ಲ, ಹಾಗೇ. 2012ರ ಹೊತ್ತಿಗೆ ಅದನ್ನ ಒಡೆದು 2.7 ಕಿಲೋಮೀಟರ್ ಕಾಲುವೆಯನ್ನ 3.2 ಕಿಲೋಮೀಟರ್ ಡೊಂಕು ನದಿ ಮಾಡಿದ್ರು. ಮಳೆ ಇಲ್ಲದಾಗ ನಡುವೆ ಸಣ್ಣ ಹರಿವು, ಮಕ್ಕಳು ಕಲ್ಲಿನ ಮೇಲೆ ದಾಟ್ತಾರೆ. ಮಳೆ ಬಂದ್ರೆ ಪಕ್ಕದ ಹುಲ್ಲುಗಾವಲೆಲ್ಲಾ ನೀರಿಗೆ ಬಿಟ್ಟುಕೊಡೋದು, ಸೈರನ್ ಆಗುತ್ತೆ, ಜನ ಮೇಲೆ ಹತ್ತುತ್ತಾರೆ. ದಡಕ್ಕೆ ಕಾಂಕ್ರೀಟ್ ಬದಲು ಬೇರು ಬಿಡೋ ಗಿಡ, ಕಲ್ಲು. ಇದು ಈ ಉಷ್ಣ ದೇಶದ ಮಳೆಗೆ ನಿಲ್ಲುತ್ತಾ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಅದಕ್ಕೆ 2009ರಲ್ಲಿ ಮೊದಲು ಬರೀ 60 ಮೀಟರ್ ಉದ್ದದ ಒಂದು ಚರಂಡಿಯಲ್ಲಿ ಹತ್ತು ಥರದ ವಿಧಾನ ಮಾಡಿ ನೋಡಿದ್ರು, ನಿಂತದ್ದನ್ನ ಇಟ್ಕೊಂಡ್ರು. ನನಗೆ ಈ ಕಥೆಯಲ್ಲಿ ಮೆಚ್ಚುಗೆ ಆದದ್ದು ಆ 60 ಮೀಟರೇ, ಪಾರ್ಕ್ ಅಲ್ಲ.

ಹಾಗೇ ಇಲ್ಲಿ 2017ರಲ್ಲಿ ಕೂಲಿಂಗ್ ಸಿಂಗಾಪುರ್ ಅಂತ ಒಂದು ರಿಸರ್ಚ್ ಶುರುವಾಯ್ತು, ಜ್ಯೂರಿಕ್‌ನ ಇಟಿಎಚ್ ಯೂನಿವರ್ಸಿಟಿ ಮತ್ತೆ ಇಲ್ಲಿನ ಕೆಲವು ಯೂನಿವರ್ಸಿಟಿಗಳು ಸೇರಿ. ಹವಾಮಾನದವರು, ಕಟ್ಟಡದವರು, ವಾಹನದವರು, ಎಕನಾಮಿಕ್ಸ್‌ನವರು ಒಂದೇ ಟೇಬಲ್ಲಿಗೆ. ರಾತ್ರಿ ಹೊತ್ತು ಕಾಡಿನ ಕಡೆಗಿಂತ ಪೇಟೆ 7 ಡಿಗ್ರಿವರೆಗೂ ಬಿಸಿ ಇರುತ್ತಂತೆ, ಅದಕ್ಕೆ ಎಸಿ ಎಷ್ಟು ಕಾರಣ, ಕಾರು ಎಷ್ಟು, ಕಟ್ಟಡದ ಜೋಡಣೆ ಎಷ್ಟು ಅಂತ ಬಿಡಿಸಿ ನೋಡೋದು. ಒಬ್ಬರೇ ಮಾಡಿದ್ರೆ ಅವರವರ ಕಸುಬನ್ನೇ ಉತ್ತರ ಅಂತ ಹೇಳ್ತಾರೆ, ಗಿಡದವರು ಗಿಡ ನೆಡಿ, ಪೇಂಟಿನವರು ಬಿಳಿ ಬಣ್ಣ ಹೊಡೀರಿ ಅಂತ.

ಬೆಂಗಳೂರಿಗೆ ಇದನ್ನ ತಂದು ಅಂಟಿಸಿ ಅಂತ ಹೇಳ್ತಿಲ್ಲ ಮಾರಾಯ್ರೆ, ಇಲ್ಲಿ ನೆಲ ಹೆಚ್ಚುಕಮ್ಮಿ ಎಲ್ಲಾ ಸರ್ಕಾರದ್ದೇ. ನಮ್ಮಲ್ಲಿ ನದಿಯನ್ನ ಡೊಂಕು ಮಾಡೋಕೆ ಹೋದ್ರೆ ಕೋರ್ಟು ಡೊಂಕಾಗುತ್ತೆ.

ಗುಂಡಿರಾಯ

ಕೋರ್ಟು ಡೊಂಕಾಗುತ್ತೆ 👌 ಭಟ್ರೇ ಒಪ್ಪಿದೆ.

ಸೀರಿಯಸ್ಸಾಗಿ ಒಂದು ಹೇಳ್ತೀನಿ. 2020ರ ನವೆಂಬರಲ್ಲಿ ಚರ್ಚ್ ಸ್ಟ್ರೀಟಲ್ಲಿ ಶನಿವಾರ ಭಾನುವಾರ ಗಾಡಿ ಬಂದ್ ಮಾಡಿದ್ರಲ್ಲ, ಐಐಎಸ್ಸಿಯವರು ಗಾಳಿ ಅಳೆದ್ರು. ನಾನು ಮಗಳನ್ನ ಕರ್ಕೊಂಡು ಹೋಗಿದ್ದೆ, ರಸ್ತೆ ಮಧ್ಯೆ ಕೂತು ಐಸ್‌ಕ್ರೀಮ್ ತಿಂದ್ಲು, ಬೆಂಗಳೂರಲ್ಲಿ ಹುಟ್ಟಿದ ಹುಡುಗಿ ರಸ್ತೆ ಮೇಲೆ ಕೂತಿದ್ದು ಅದೇ ಮೊದಲು. ಕೆಲವೇ ತಿಂಗಳು, ಆಮೇಲೆ ಗಾಡಿ ವಾಪಸ್. ಹಂಗಾಗಿ ನನ್ನ ಸಿಟ್ಟು ರಿಸರ್ಚ್ ಮೇಲಲ್ಲ, ರಿಸರ್ಚ್ ಮುಗಿದ ಮಾರನೇ ದಿನದ ಮೇಲೆ.

ಅರ್ಧಪಿಎಚ್‌ಡಿ

ಗುಂಡಿರಾಯರು ಗುಂಡಿ ಬಿಟ್ಟು ಮೇಲೆ ಬಂದಿದಾರೆ, ಸ್ಕ್ರೀನ್‌ಶಾಟ್ ತಗೊಳ್ಳಿ ಯಾರಾದ್ರೂ.

ಸೆನ್ಸರ್ ಬಗ್ಗೆ ಎಇಇ ಸರ್ ನಾನು ಹೇಳ್ಬೇಕಾದ್ದನ್ನೆಲ್ಲಾ ಹೇಳಿಬಿಟ್ರು. ನಾನು ಒಂದೇ ಸೇರಿಸ್ತೀನಿ. ಮೇಡಂ, ನಿಮ್ಮ ಮನೆ ಹಿಂದಿನ ಕಲ್ವರ್ಟಲ್ಲಿ ಸೆನ್ಸರ್ ಹಾಕಿದ್ರೆ ಅದು ಕೂಗೋ ಹೊತ್ತಿಗೆ ನೀರು ನಿಮ್ಮ ಹಾಲ್‌ನಲ್ಲೇ ಇರುತ್ತೆ. ಅದು ಅವರ ಮಾಡೆಲಿಗೆ ಬೇಕು, ನಿಮಗೆ ಬೇಕಾಗಿರೋದು ಮೇಲೆ, ಕೆರೆ ಹತ್ರ. ಅಲ್ಲಿಂದ ನಿಮ್ಮ ಬೀದಿಗೆ ನೀರು ಬರೋಕೆ ಎಷ್ಟು ಹೊತ್ತು ಹಿಡಿಯುತ್ತೋ ಅಷ್ಟು ಹೊತ್ತು ನಿಮಗೆ ಸಿಗುತ್ತೆ, ಸ್ಕೂಟರ್ ಎತ್ತಿಡೋಕೆ, ಅತ್ತೇನ ಮಹಡಿ ಮೇಲೆ ಕಳಿಸೋಕೆ.

ಮೀಟಿಂಗಲ್ಲಿ ಒಪ್ಪಿಗೆ ಪತ್ರ ಕೊಡೋದಾದ್ರೆ ಸುಮ್ನೆ ಸೈನ್ ಹಾಕ್ಬೇಡಿ. ಸೆನ್ಸರ್ ಲೆಕ್ಕ ಅಸೋಸಿಯೇಷನ್ನಿಗೂ ಕಾಣ್ಬೇಕು, ಪ್ರಾಜೆಕ್ಟ್ ಮುಗಿದ ಮೇಲೆ ಯಾರು ನೋಡ್ಕೋತಾರೆ ಅಂತ ಈಗಲೇ ಬರೀಬೇಕು, ಕೊನೆಗೆ ಏನು ಕಂಡುಹಿಡಿದ್ರು ಅಂತ ಕನ್ನಡದಲ್ಲಿ ಬಂದು ನಿಮ್ಮ ಬೀದಿಯಲ್ಲೇ ಹೇಳ್ಬೇಕು. ಮನೆಯವರ ಮಾತು ರೆಕಾರ್ಡ್ ಮಾಡಿದ್ರೆ ಹೆಸರು ಹಾಕಂಗಿಲ್ಲ. ಒಳ್ಳೇ ಗೈಡ್ ಇದ್ರೆ ಇದೆಲ್ಲಾ ಅವರೇ ಒಪ್ತಾರೆ, ಒಪ್ಪದಿದ್ರೆ ನಿಮಗೇ ಗೊತ್ತಾಗುತ್ತಲ್ಲ. ಏಜೆಂಟಿಗೆ ನಮಸ್ಕಾರ ಹೇಳಿ ಕಳಿಸಿ.

ಇನ್ನೊಂದು, ಕಾಲುವೆಗೆ ಬೈಯೋ ಮುಂಚೆ ನಮ್ಮ ನಮ್ಮ ತಾರಸಿ ನೋಡ್ಕೋಬೇಕು. 30-40 ಸೈಟ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ ಐದೂವರೆ ಸಾವಿರ ಲೀಟರ್, ಹೆಚ್ಚುಕಮ್ಮಿ ಒಂದು ಟ್ಯಾಂಕರ್. ಅದನ್ನ ಮೋರಿಗೆ ಬಿಟ್ಟು ಮಾರ್ಚಲ್ಲಿ ದುಡ್ಡು ಕೊಟ್ಟು ಅದೇ ಟ್ಯಾಂಕರ್ ತರಿಸ್ತೀವಿ.

ನಿವೃತ್ತ_ಎಇಇ

ಅದಕ್ಕೆ ಮಳೆ ನೀರು ನೆಲಕ್ಕೆ ಇಳಿಸೋ ಇಂಗುಬಾವಿ ತೋಡಿಸಿ. ಮಣ್ಣು ವಡ್ಡರು ಇದಾರೆ, ತಲೆಮಾರಿನಿಂದ ಅದೇ ಕಸುಬು, ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮರುಜೀವ ಬಂದದ್ದು ಅವರ ಕೈಯಿಂದಲೇ. ನಾಲ್ಕು ಅಡಿ ತೋಡಿದ ಮಣ್ಣು ಮುಟ್ಟಿ ಇಲ್ಲಿ ನೀರು ಇಂಗುತ್ತೆ, ಇಲ್ಲಿ ಇಂಗಲ್ಲ ಅಂತಾರೆ. ಆದರೆ ಕೆರೆ ಕೋಡಿ ಪಕ್ಕದ ಮನೆ ಅಂದ್ರೆ ಅಂತರ್ಜಲ ಮೇಲೇ ಇರಬಹುದು, ಮೊದಲು ಅವರನ್ನ ಕರೆಸಿ ತೋರಿಸಿ, ಯೂಟ್ಯೂಬ್ ನೋಡಿ ತೋಡಬೇಡಿ.

ಕೋಡಿಪಕ್ಕದ_ಮನೆ

ಎಲ್ಲರಿಗೂ ಒಂದು ಅಪ್‌ಡೇಟ್. ಬುಧವಾರದ ಮೀಟಿಂಗ್ ಎರಡೂವರೆ ಗಂಟೆ ನಡೀತು, ಅದರಲ್ಲಿ ಒಂದು ಗಂಟೆ ನಾಯಿಗೆ ಅನ್ನ ಹಾಕೋರ ಜಗಳ. ಒಪ್ಪಿಗೆ ಪತ್ರ ಪಾಸಾಯ್ತು, ಅರ್ಧಪಿಎಚ್‌ಡಿ ಸರ್ ಹೇಳಿದ್ದನ್ನೆಲ್ಲಾ ಬರೆಸಿದ್ವಿ. ಪ್ರೆಸಿಡೆಂಟ್ ಅಂಕಲ್ ಸೈನ್ ಹಾಕಿದ್ರು, ಮುಖ ಮಾತ್ರ ಹಾಗೇ.

ಶನಿವಾರ ಮೂರೂ ಜನ ಮತ್ತೆ ಬಂದ್ರು. ನಾನು ಕಲ್ವರ್ಟ್ ಬೇಡ, ಮೇಲೆ ಕೆರೆ ಹತ್ರ ಹಾಕಿ ಅಂದೆ. ಸಿವಿಲ್ ಹುಡುಗ, ಆಂಟಿ ಅಲ್ಲಿಂದ ಇಲ್ಲಿಗೆ ನೀರು ಬರೋಕೆ ಎಷ್ಟು ಹೊತ್ತು ಅಂತ ಮಾಡೆಲಲ್ಲಿ ಸರಿಯಾಗಿ ಬರ್ತಿಲ್ಲ, ಒಂದ್ಸಲ ಹತ್ತು ನಿಮಿಷ ಅನ್ನುತ್ತೆ ಒಂದ್ಸಲ ಎರಡು ಗಂಟೆ ಅನ್ನುತ್ತೆ ಅಂತ ಲ್ಯಾಪ್‌ಟಾಪ್ ತೋರಿಸಿದ. ಆಗ ಸಮಾಜಶಾಸ್ತ್ರದ ಹುಡುಗಿ ನೋಟ್‌ಬುಕ್ ತಿರುವಿ, ಅಜ್ಜಿ ಹೇಳಿದ್ರಲ್ಲ ಅಂದ್ಲು. ಅತ್ತೆ ಇದೇ ಊರಿನ ಮಗಳು, ಇಲ್ಲೇ ಹುಟ್ಟಿ ಇಲ್ಲೇ ಸೇರಿದವರು. ಚಿಕ್ಕವರಿದ್ದಾಗ ಕೆರೆ ತೂಬಿನ ಎರಡು ಕಲ್ಲುಕಂಬದ ಮೇಲೆ ಅಡ್ಡ ಇರೋ ಕಲ್ಲುಪಟ್ಟಿ ಮುಳುಗಿತು ಅಂದ್ರೆ ಕೋಡಿ ಹರಿಯೋಕೆ ಶುರು, ಆಗ ನೀರುಗಂಟಿ ಬಂದು ಕೂಗಿ ಹೇಳ್ತಿದ್ದ, ಅವನು ಕೂಗಿದ ಮೇಲೆ ಅವರಮ್ಮ ಮುದ್ದೆ ತಿರುವಿ ಎಲ್ಲರಿಗೂ ಉಣ್ಣೋಕೆ ಇಟ್ಟು ಪಾತ್ರೆ ತೊಳೆದು ಮುಗಿಸೋ ಹೊತ್ತಿಗೆ ನೀರು ಹಳ್ಳಕ್ಕೆ ಬರ್ತಿತ್ತಂತೆ. ಈಗ ಅಷ್ಟು ಹೊತ್ತಿಲ್ಲ, 22ರಲ್ಲಿ ಮುದ್ದೆಗೆ ಎಸರಿಡೋಕೂ ಬಿಡ್ಲಿಲ್ಲ ಅಂತ ಅವತ್ತೇ ಹೇಳಿದಾರೆ. ಸಿವಿಲ್ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಅತ್ತೆ ಮುಂದೆ ಕೂತ, ಮುದ್ದೆ ಮಾಡೋಕೆ ಎಷ್ಟು ನಿಮಿಷ ಅಜ್ಜಿ ಅಂತ. ಎಷ್ಟು ಜನಕ್ಕೆ ಅಂತ ಹೇಳಿದ್ರೆ ತಾನೇ ಹೇಳೋದು ಅಂದ್ರು ಅತ್ತೆ.

ಆಮೇಲೆ ಎಲ್ಲರೂ ಕೆರೆ ಹತ್ರ ಹೋದ್ವಿ. ತೂಬಿನ ಕಂಬ ಇನ್ನೂ ಇದೆ, ಒಂದಕ್ಕೆ ಯಾರೋ ಕೇಬಲ್ ಸುತ್ತಿದಾರೆ. ಅಲ್ಲಿ ಸೆನ್ಸರ್ ಹಾಕೋಕೆ ಬೇರೆ ಕಡೆಯಿಂದ ಪರ್ಮಿಷನ್ ಬೇಕಂತೆ, ಅದು ಯಾವಾಗ ಬರುತ್ತೋ. ಸದ್ಯಕ್ಕೆ ಕೋಡಿ ಪಕ್ಕದ ಹಳೇ ಕಲ್ಲುಗೋಡೆ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಹಳದಿ ಪೇಂಟಲ್ಲಿ ಪಟ್ಟಿ ಎಳೆದಿದೀವಿ, ಎದುರುಗಡೆ ಟೀ ಅಂಗಡಿಯವರು ಮಳೆ ಬಂದಾಗ ಫೋಟೋ ತೆಗೆದು ಗ್ರೂಪಿಗೆ ಹಾಕ್ತೀನಿ ಅಂದಿದಾರೆ, ನಮ್ಮ ಕೆಲಸದವಳ ಗಂಡನ ನಂಬರೂ ಅವಳ ನಂಬರೂ ಎರಡೂ ಗ್ರೂಪಿಗೆ ಸೇರಿಸಿದೆ.

ಕಲ್ವರ್ಟಿಗೆ ಟಾರ್ಚ್ ಬಿಟ್ಟು ನೋಡಿದ್ವಿ ಎಇಇ ಸರ್. ಏಳು ಪೈಪು.

ನಿವೃತ್ತ_ಎಇಇ

ಫೋಟೋ ಹಾಕಿ. ಯಾವುದು ಯಾರದ್ದು ಅಂತ ಬಣ್ಣ ನೋಡಿ ಹೇಳ್ತೀನಿ.